ಒಂದು ಇಂಚು ಕಡಿಮೆ

ಫೆಬ್ರವರಿ ೪

ಪ್ರೀತಿಯ ಗುಂಡಿ,

ಪಾರ್ಸಲ್ಲಿನಲ್ಲಿ ಎರಡು ಅಂಗಿ ಇಟ್ಟಿದ್ದೇನೆ. ನೀಲಿಯದು ಕೆಲಸಕ್ಕೆ, ಹಸಿರಿನದು ಎಲ್ಲಾದರೂ ಹೊರಗೆ ಹೋಗುವಾಗ. ಎರಡನ್ನೂ ಸೊಂಟದಲ್ಲಿ ಒಂದು ಇಂಚು ಕಡಿಮೆ ಹಿಡಿದೇ ಕತ್ತರಿಸಿದ್ದೇನೆ, ಮುಖ ಊದಿಸಬೇಡ. ನನಗೆ ಹೊಲಿಗೆ ಕಲಿಸಿದ ಟೀಚರಮ್ಮ ಹೇಳುತ್ತಿದ್ದರು, "ಬಟ್ಟೆ ಬಿಗಿ ಇದ್ರೆ ಮೈ ತಾನಾಗೇ ಕಲ್ಕೊಳ್ಳತ್ತೆ" ಅಂತ. ನನ್ನ ಹತ್ತಿರ ಬರುವ ಮದುವೆ ಹುಡುಗಿಯರಿಗೆಲ್ಲ ಹೀಗೇ ಹೊಲಿಯುತ್ತೇನೆ. ಒಂದು ತಿಂಗಳು ನನ್ನನ್ನು ಬೈದುಕೊಂಡು ಓಡಾಡುತ್ತಾರೆ, ಮದುವೆ ದಿನ ಕನ್ನಡಿ ನೋಡಿಕೊಂಡ ಮೇಲೆ ಬಂದು ತಬ್ಬಿಕೊಳ್ಳುತ್ತಾರೆ.

ಮೊನ್ನೆ ನೀನು ಫೋನನ್ನು ಪಟಕ್ಕನೆ ಇಟ್ಟುಬಿಟ್ಟೆ. ಹಾಗಾಗಿ ಇನ್ನು ಕಾಗದದಲ್ಲೇ ಮಾತು. ಕಾಗದವಾದರೆ ನಾನು ಹೇಳುವುದನ್ನು ಪೂರ್ತಿ ಹೇಳಬಹುದು, ನಡುವೆ ನೀನು ಬಾಯಿ ಹಾಕುವ ಹಾಗಿಲ್ಲ.

ಸೂಜಿಯ ಮದುವೆ ಆಗಸ್ಟ್ ಎರಡನೇ ವಾರ ಎಂದು ಗಟ್ಟಿಯಾಯಿತು. ಹುಡುಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅವನ ತಾಯಿ ನಮ್ಮ ಅಂಗಡಿಗೆ ಬಂದು, ಮೊಳೆಗೆ ತೂಗುಹಾಕಿದ್ದ ಬಟ್ಟೆಗಳನ್ನೆಲ್ಲ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿ, ಆಮೇಲೆ ಕುರ್ಚಿಯ ಮೇಲೆ ಕೂತರು. ಅಂಥ ಜನ. ನಿನ್ನ ತಂಗಿಯ ಮದುವೆಯಲ್ಲಿ ನೀನು ಬಾಗಿಲಲ್ಲೇ ನಿಂತಿರಬೇಕಾದವಳು. ದರ್ಜಿಗೆ ಬೇರೆ ಬೋರ್ಡು ಬೇಡ, ಮಗಳೇ ಬೋರ್ಡು.

ಫೋನಿನಲ್ಲಿ ನೀನು ಏನೋ ಕಾಯಿಲೆಯ ಹೆಸರು ಹೇಳಿದೆ, ನಾಲ್ಕು ಇಂಗ್ಲಿಷ್ ಅಕ್ಷರದ್ದು. ನಮ್ಮ ಕಾಲದಲ್ಲಿ ಅದಕ್ಕೆ ಬಾಯಿಚಪಲ ಎನ್ನುತ್ತಿದ್ದರು. ರಾತ್ರಿ ಊಟ ಬಿಡು. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿ, ಮಧ್ಯಾಹ್ನದವರೆಗೆ ಬೇರೇನೂ ಮುಟ್ಟಬೇಡ. ಆಗಸ್ಟಿಗೆ ಇನ್ನೂ ಸಮಯವಿದೆ, ಮನಸ್ಸು ಮಾಡಿದರೆ ಆಗದ್ದೇನೂ ಇಲ್ಲ.

ಅಪ್ಪ ಆರಾಮ. ಇಸ್ತ್ರಿ ಪೆಟ್ಟಿಗೆ ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ.

ನಿನ್ನ
ಅಮ್ಮ


ಫೆಬ್ರವರಿ ೧೯

ಅಮ್ಮ,

ನೀಲಿ ಅಂಗಿಯ ಜಿಪ್ಪು ಅರ್ಧಕ್ಕೇ ನಿಂತಿತು. ಹಸಿರಿನದನ್ನು ಹಾಕಿ ನೋಡಲೂ ಇಲ್ಲ. ಎರಡೂ ಪೆಟ್ಟಿಗೆಯೊಳಗೆ ಹೋದವು, ಅಲ್ಲಿ ನೀನು ಕಳಿಸಿದ ಉಳಿದ ಅಂಗಿಗಳೂ ಇವೆ. ಪಾರ್ಸಲ್ ಆಫೀಸಿನಲ್ಲಿ ಊರವರ ಗಂಟುಮೂಟೆಗಳನ್ನೆಲ್ಲ ತೂಗಿ ಚೀಟಿ ಅಂಟಿಸುವವಳು ನಾನು. ನಿನ್ನ ಪಾರ್ಸಲ್ಲು ನನ್ನ ಕೌಂಟರಿಗೆ ಬಂದರೆ ಮಾತ್ರ ಬಿಚ್ಚದೆ ಸಂಜೆಯವರೆಗೆ ಮೇಜಿನ ಕೆಳಗೆ ತಳ್ಳಿಡುತ್ತೇನೆ.

ಕಾಗದ ಬರೆ ಎಂದೆ, ಬರೆಯುತ್ತೇನೆ. ಪೂರ್ತಿ ಓದು.

ಐದು ತಿಂಗಳಿನಿಂದ ನನಗೆ ಮುಟ್ಟಾಗಿಲ್ಲ. ಗಲ್ಲದ ಮೇಲೆ ಕೂದಲು ಬರುತ್ತದೆ, ಕಿತ್ತರೆ ಮತ್ತೆ ಬರುತ್ತದೆ. ತಲೆಯಲ್ಲಿರಬೇಕಾದದ್ದು ಬಾಚಣಿಗೆಯಲ್ಲಿರುತ್ತದೆ. ಡಾಕ್ಟರು ಸ್ಕ್ಯಾನ್ ಮಾಡಿಸಿದರು, ರಕ್ತ ತೆಗೆಸಿದರು. ಪಿಸಿಓಎಸ್ ಎಂದರು. ಮೈಯೊಳಗಿನ ಹಾರ್ಮೋನುಗಳ ಲೆಕ್ಕ ತಪ್ಪಿದೆ. ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುತ್ತಿಲ್ಲ. ಸಕ್ಕರೆ ಕಾಯಿಲೆ ಹೊಸ್ತಿಲಿನಲ್ಲಿ ಕೂತಿದೆ, ಇನ್ನೂ ಒಳಗೆ ಬಂದಿಲ್ಲ. ಇದು ಪೂರ್ತಿ ವಾಸಿಯಾಗುವಂಥದ್ದಲ್ಲ, ಆದರೆ ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂದು ಹೇಳಿ, ಆಹಾರದ ವಿಷಯ ನೋಡಿಕೊಳ್ಳುವ ಮೇಡಂ ಹತ್ತಿರ ಕಳಿಸಿದರು.

ಕಿಟಕಿಯಿಲ್ಲದ ಸಣ್ಣ ಕೋಣೆ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಸೇಬು, ಪ್ಲಾಸ್ಟಿಕ್ಕಿನ ಮೊಟ್ಟೆ, ಪ್ಲಾಸ್ಟಿಕ್ಕಿನ ಮೀನು.

"ಬೆಳಿಗ್ಗೆ ಏನ್ ತಿಂತೀರಿ?" ಎಂದರು.

"ಏನೂ ಇಲ್ಲ."

"ಯಾಕೆ?"

"ಅಮ್ಮ ಬೇಡ ಅಂದಿದಾರೆ."

ಇಪ್ಪತ್ತೇಳು ವರ್ಷದ ಹೆಂಗಸು ಈ ಉತ್ತರ ಕೊಟ್ಟಿದ್ದಕ್ಕೆ ಅವರು ನಗಲಿಲ್ಲ. ನನಗೇ ನಾಚಿಕೆಯಾಯಿತು. ಸಂಜೆ ಏನು ತಿನ್ನುತ್ತೀರಿ ಎಂದು ಕೇಳಿದರು. ನಿಜ ಹೇಳಿದೆ. ಕೆಲಸ ಬಿಟ್ಟ ಕೂಡಲೇ ಬೇಕರಿ ಮುಂದೆ ನಿಂತು ಎರಡು ಬನ್ನು, ಒಂದು ಕೇಕು, ದಾರಿಯಲ್ಲಿ ಒಂದು ಪೊಟ್ಟಣ ಬಿಸ್ಕತ್ತು, ಮನೆಗೆ ಬಂದು ಅಳು. ಬೈಯುತ್ತಾರೆಂದು ಕಾದೆ. "ದಿನವೆಲ್ಲಾ ಉಪವಾಸ ಕೆಡವಿದ್ರೆ ಸಂಜೆ ಹೊಟ್ಟೆ ಬಡ್ಡಿ ಸಮೇತ ಕೇಳತ್ತೆ. ಅದ್ರದ್ದೇನೂ ತಪ್ಪಿಲ್ಲ" ಎಂದರು.

ಅಮ್ಮ, ನಾನು ಮಾಡದ ಪಥ್ಯ ಯಾವುದಿದೆ ಹೇಳು. ನೀನು ಹೇಳಿದ ಎಲೆಕೋಸಿನ ನೀರು ಕುಡಿದೆ. ಗೆಳತಿ ಹೇಳಿದ ಹಾಗೆ ಧಾನ್ಯವನ್ನೇ ಬಿಟ್ಟೆ, ಆಮೇಲೆ ಬರೀ ಹಣ್ಣು ತಿಂದೆ, ಡಬ್ಬಿಯ ಪುಡಿ ಕಲಸಿ ಕುಡಿದೆ. ಎಲ್ಲದರಲ್ಲೂ ಇಳಿದೆ, ಬಿಟ್ಟ ಮೇಲೆ ಇಳಿದದ್ದಕ್ಕಿಂತ ಹೆಚ್ಚು ಏರಿದೆ. ಈ ಮೇಡಂ ಹೇಳಿದ್ದು ಬೇರೆ. "ಈ ಕಾಯಿಲೆಗೆ ಇದೇ ಊಟ ಅಂತ ಒಂದಿಲ್ಲ. ನಿಮಗೆ ವರ್ಷಗಟ್ಲೆ ಮಾಡೋಕಾಗೋದನ್ನ ನೀವೇ ಆರಿಸ್ಕೊಳ್ಳಿ. ಹದಿನೈದು ದಿನದ ಹುಚ್ಚು ಬೇಡ." ಹೊತ್ತಿಗೆ ಸರಿಯಾಗಿ ತಿನ್ನಬೇಕು. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಕಾಳೋ ಮೊಟ್ಟೆಯೋ ಮೀನೋ, ಮಿಕ್ಕಿದ್ದರಲ್ಲಿ ತವುಡು ತೆಗೆಯದ ಧಾನ್ಯ. ಸಕ್ಕರೆ, ಮೈದಾ ಕಡಿಮೆ. ನಡಿಗೆ, ನಿದ್ದೆ. ತೂಕ ನಿಧಾನಕ್ಕೆ ಇಳಿಯಬಹುದು, ಇಳಿಯದೆಯೂ ಇರಬಹುದು, ಅಷ್ಟಕ್ಕೇ ಕೈಬಿಡಬೇಡಿ ಎಂದರು.

ನನ್ನ ತಟ್ಟೆಗೆ ಏನು ಬೇಕೆಂದು ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಆರಿಸಿಕೊಂಡೆ. ಅದನ್ನೇ ಮಾಡುತ್ತಿದ್ದೇನೆ.

ಒಂದೇ ಬೇಡಿಕೆ. ಸೂಜಿಯ ಮದುವೆಗೆ ನನ್ನ ಗೌನನ್ನು ನನ್ನ ಅಳತೆಗೆ ಹೊಲಿ. ಅಳತೆ ಕೆಳಗೆ ಬರೆದಿದ್ದೇನೆ, ಎರಡು ಸಲ ಟೇಪು ಹಿಡಿದು ನೋಡಿದ್ದೇನೆ. ದರ್ಜಿಯ ಮನೆಯಲ್ಲಿ ಹುಟ್ಟಿದ ತಪ್ಪಿಗೆ ದುಂಡಗಿದ್ದ ನಾನು ಗುಂಡಿಯಾದೆ, ತೆಳ್ಳಗಿದ್ದ ತಂಗಿ ಸೂಜಿಯಾದಳು. ಹೆಸರೇನೋ ಇರಲಿ, ಒಂದು ಬಟ್ಟೆಯಾದರೂ ಮೈಗೆ ಸರಿಹೊಂದುವುದು ಬೇಡವೇ?

ಗುಂಡಿ


ಮಾರ್ಚ್ ೮

ಗುಂಡಿ,

ನಿನ್ನ ಕಾಗದ ಓದಿದ ಸಿಟ್ಟಿಗೆ ಒಬ್ಬರ ಅಂಗಿಯ ಗುಂಡಿ ತೂರಿಸುವ ಕಾಜಾ ಹಾಳು ಮಾಡಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸಣ್ಣಗಾಗಬೇಕಾದರೆ ಹೊತ್ತು ಹೊತ್ತಿಗೆ ತಿನ್ನು ಎನ್ನುವ ವೈದ್ಯವನ್ನು ನಾನು ಕೇಳಿದ್ದು ಇದೇ ಮೊದಲು. ಬೆಂಕಿ ಆರಿಸುವುದಕ್ಕೆ ಇನ್ನೆರಡು ಸೌದೆ ಹಾಕು ಎಂದ ಹಾಗಾಯಿತು.

ಅಮ್ಮ ಬೇಡ ಅಂದಿದಾರೆ ಎಂದು ಪರರ ಮುಂದೆ ಹೇಳಿದೆಯಲ್ಲ, ನಾನೇನು ನಿನಗೆ ಮಲತಾಯಿಯೇ? ನಿನ್ನ ತಂಗಿಯೂ ಇದೇ ಹೊಟ್ಟೆಯಲ್ಲಿ ಹುಟ್ಟಿದವಳು, ಇದೇ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಂಡವಳು. ಅವಳು ಬಳ್ಳಿಯ ಹಾಗಿಲ್ಲವೇ? ಕಾಯಿಲೆ ಅನ್ನುವುದು ಮನೆಯಲ್ಲಿದ್ದರೆ ಅವಳಿಗೇಕೆ ಬರಲಿಲ್ಲ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಅವಳನ್ನು ನೋಡಿ ಕಲಿ. ಮದುವೆ ಹತ್ತಿರ ಬಂತೆಂದು ಸಂಜೆ ಬರೀ ಸೌತೆಕಾಯಿ ತಿಂದು ಮಲಗುತ್ತಾಳೆ. ಅವಳ ಗೌನನ್ನೂ ಒಂದು ಇಂಚು ಕಡಿಮೆ ಹಿಡಿದೇ ಕತ್ತರಿಸಿದ್ದೇನೆ, ತುಟಿ ಪಿಟಕ್ಕೆನ್ನಲಿಲ್ಲ. ಮುಖದ ತುಂಬ ಮೊಡವೆ ಎದ್ದಿದೆ. ಮದುವೆ ಕಳೆ ಎಂದು ಗಿರಾಕಿಗಳೆಲ್ಲ ಕೀಟಲೆ ಮಾಡುತ್ತಾರೆ.

ಇನ್ನೊಂದು ಮಾತು, ಇದನ್ನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ನೀನು ಹೇಳಿದ ಹೆಸರನ್ನು ಒಬ್ಬ ಗಿರಾಕಿಯ ಮುಂದೆ ಯಾರದೋ ವಿಷಯ ಅನ್ನುವ ಹಾಗೆ ಎತ್ತಿದೆ. "ಅಯ್ಯೋ, ಅದಿರೋರಿಗೆ ಮಕ್ಕಳಾಗಲ್ವಂತೆ" ಎಂದಳು. ಆ ದಿನವೆಲ್ಲ ಮಷಿನ್ನಿನ ಮೇಲೆ ಕಾಲೇ ಆಡಲಿಲ್ಲ. ಹುಡುಗನ ತಾಯಿಯ ಕಿವಿಗೆ ಇದು ಬಿದ್ದರೆ, ಅಕ್ಕನಿಗಿರುವುದು ತಂಗಿಗೂ ಇರಬಹುದು ಎಂದು ಅನುಮಾನ ಪಡುತ್ತಾರೆ. ಮದುವೆ ಮುಗಿಯುವವರೆಗೆ ಆ ಹೆಸರನ್ನು ಬಾಯಲ್ಲೂ ಎತ್ತಬೇಡ, ಕಾಗದದಲ್ಲೂ ಬರೆಯಬೇಡ. ಅಷ್ಟಾದರೂ ಮಾಡು.

ಗೌನಿಗೆ ದಟ್ಟ ಕೆಂಪು ಬಟ್ಟೆ ತಂದಿದ್ದೇನೆ. ಕೆಂಪು ನಿನಗೆ ಒಪ್ಪುತ್ತದೆ.

ಅಮ್ಮ


ಮೇ ೧೫

ಅಮ್ಮ,

ಬೇಕೆಂದೇ ತಡವಾಗಿ ಬರೆಯುತ್ತಿದ್ದೇನೆ. ಹಿಂದಿನ ಕಾಗದಕ್ಕೆ ಆಗಲೇ ಉತ್ತರ ಬರೆದಿದ್ದರೆ ಬರೀ ಬೈಗುಳವಾಗುತ್ತಿತ್ತು.

ಮೊದಲು ಆ ಗಿರಾಕಿಗೆ ಹೇಳು, ಈ ಕಾಯಿಲೆ ಇರುವವರಲ್ಲಿ ಎಷ್ಟೋ ಜನಕ್ಕೆ ಮಕ್ಕಳಾಗುತ್ತವೆ. ಕೆಲವರಿಗೆ ಔಷಧಿಯ ಸಹಾಯ ಬೇಕಾಗಬಹುದು, ಅಷ್ಟೇ. ಮದುವೆಯಾಗದ ಮಗಳ ಬಸಿರಿನ ಚಿಂತೆ ನಿನಗೆ ಬಂತು. ಸಕ್ಕರೆ ಕಾಯಿಲೆ ಎಂದು ಬರೆದಿದ್ದೆನಲ್ಲ, ಅದಕ್ಕೆ ನೀನು ಒಂದು ಸಾಲೂ ಬರೆಯಲಿಲ್ಲ.

ಈಗ ನನ್ನ ಸುದ್ದಿ. ನನ್ನ ಕೋಣೆಯಲ್ಲಿ ಒಂದೇ ಒಲೆ, ಕರೆಂಟಿನದು. ಸಂಜೆ ಕಾಳು ನೆನೆಹಾಕುತ್ತೇನೆ, ಬೆಳಿಗ್ಗೆ ಅದನ್ನು ಬೇಯಲು ಇಟ್ಟು ಸ್ನಾನಕ್ಕೆ ಹೋಗುತ್ತೇನೆ. ಎರಡು ಮೊಟ್ಟೆ, ಒಂದು ಬಟ್ಟಲು ಕಾಳು, ಇದ್ದರೆ ಒಂದು ಹಣ್ಣು. ಮೊದಲ ವಾರ ತಿನ್ನುವಾಗ ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸಿ ಬಾಗಿಲಿನ ಕಡೆ ತಿರುಗಿ ತಿರುಗಿ ನೋಡುತ್ತಿದ್ದೆ. ಈಗ ಕೂತು ತಿನ್ನುತ್ತೇನೆ. ಸಂಜೆ ಬೇಕರಿಯ ಮುಂದೆ ಹಾದರೆ ವಾಸನೆ ಬರುತ್ತದೆ, ಆಸೆಯೂ ಆಗುತ್ತದೆ, ಆದರೆ ಕಾಲು ತಾನಾಗಿ ನಿಲ್ಲುವುದಿಲ್ಲ. ಒಂದೊಂದು ದಿನ ಒಂದು ತುಂಡು ಕೇಕು ಕೊಂಡು, ಅಲ್ಲೇ ನಿಂತು ತಿಂದು, ಅಳದೆ ಮನೆಗೆ ಬರುತ್ತೇನೆ. ನಮ್ಮ ಕೌಂಟರಿನಲ್ಲಿ ಹಗ್ಗ ಕಟ್ಟುವ ಹಿರಿಯರೊಬ್ಬರು ನನ್ನ ಡಬ್ಬಿ ಇಣುಕಿ, "ಏನಮ್ಮ, ಕುದುರೆ ಸಾಕಿದೀಯಾ?" ಎಂದು ಕೇಳಿದರು. ದಿನವೂ ಅವರಿಗೊಂದು ಹಿಡಿ ಕಾಳು ಕೊಡಬೇಕು, ಇಲ್ಲದಿದ್ದರೆ ನನ್ನ ಮೂಟೆಗೆ ಹಗ್ಗ ಬಿಗಿಯುವುದಿಲ್ಲ.

ಅಮ್ಮ, ಹೋದ ವಾರ ಮುಟ್ಟಾಯಿತು. ಮುಟ್ಟು ಬರಿಸುವ ಮಾತ್ರೆಯಿಲ್ಲದೆ ತಾನಾಗಿಯೇ ಆಯಿತು. ಆಫೀಸಿನ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಅತ್ತೆ. ಸಂತೋಷಕ್ಕೆ ಅತ್ತೆ. ಯಾರಿಗಾದರೂ ಹೇಳಬೇಕು ಅನ್ನಿಸಿತು, ನೀನೇ ನೆನಪಾದೆ. ಅದಕ್ಕೇ ಈ ಕಾಗದ.

ತೂಕ ಹೆಚ್ಚೇನೂ ಇಳಿದಿಲ್ಲ. ಅದನ್ನೇ ಕೇಳುತ್ತೀಯೆಂದು ಮೊದಲೇ ಬರೆದುಬಿಟ್ಟೆ. ರಕ್ತಪರೀಕ್ಷೆ ನೋಡಿ ಡಾಕ್ಟರು "ಶಭಾಷ್" ಎಂದರು.

ನನಗೆ ಹದಿಮೂರು ತುಂಬಿದ ದಿನ ಅಂಗಡಿಯ ಗಿರಾಕಿಗಳೆಲ್ಲ ಬಂದಿದ್ದರು. ನನ್ನ ತಟ್ಟೆಯಲ್ಲಿದ್ದ ಕೇಕನ್ನು ನೀನು ಎತ್ತಿ ಸೂಜಿಯ ತಟ್ಟೆಗೆ ಹಾಕಿ, "ಇವಳಿಗೆ ನೋಡಿದ್ರೇ ಸಾಕು, ಮೈಗೆ ಹತ್ಬಿಡತ್ತೆ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರೆಲ್ಲ ಹೋದ ಮೇಲೆ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚಿಂದಿಯ ರಾಶಿಯಲ್ಲಿ ಕೂತು, ಉಳಿದಿದ್ದ ಕೇಕನ್ನೆಲ್ಲ ತಿಂದೆ. ಹೊಟ್ಟೆ ನೋಯುವವರೆಗೆ ತಿಂದೆ. ಕದ್ದು ತಿನ್ನುವುದನ್ನು ನಾನು ಕಲಿತದ್ದು ಅವತ್ತು, ಇದು ನಿನಗೆ ಗೊತ್ತಿರಲಿ.

ನೀನು ಒಂದು ಸಲ "ಒಳ್ಳೇದಾಯ್ತು ಮಗಳೇ" ಎಂದು ಬರೆದರೆ ನನಗೆ ಸಾಕು.

ನಿನ್ನ
ಗುಂಡಿ


ಜೂನ್ ೨೦

ಗುಂಡಿ,

ಅಂಥ ಸಂಗತಿಗಳನ್ನೆಲ್ಲ ಕಾಗದದಲ್ಲಿ ಬರೆಯಬೇಡ. ನಿನ್ನಪ್ಪ ಒಡೆದು ಓದಿದರು, ಓದಿ ನನ್ನ ಮುಖ ನೋಡಲಾರದೆ ಎದ್ದು ಹೋದರು. ಹೆಣ್ಣುಮಕ್ಕಳಿಗೆ ಮಾನ ಮರ್ಯಾದೆ ಅಂತ ಒಂದಿರುತ್ತದೆ.

ಎಂದೋ ಒಂದು ತುಂಡು ಕೇಕು ತೆಗೆದದ್ದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೀಯಲ್ಲ, ಮೈ ಇಳಿಯದೆ ಇರುವುದು ಸಹಜ. ನಾನು ನಿನ್ನ ಒಳ್ಳೆಯದಕ್ಕೇ ಮಾಡಿದೆ. ಹೊರಗಿನವರು ಅನ್ನುವ ಮೊದಲು ನಾನೇ ಅಂದರೆ ನಿನಗೆ ನೋವು ಕಡಿಮೆಯಾಗುತ್ತದೆ ಎಂದುಕೊಂಡೆ. ಹೆತ್ತವಳ ಕಷ್ಟ ನಿನಗೆ ಈಗ ತಿಳಿಯುವುದಿಲ್ಲ.

ಗೌನು ಕಳಿಸಿದ್ದೇನೆ. ನೀನು ಬರೆದ ಅಳತೆಗೇ ಹೊಲಿದಿದ್ದೇನೆ, ಇನ್ನಾದರೂ ಬಾಯಿಮುಚ್ಚು. ಕುತ್ತಿಗೆಯ ಸುತ್ತ ಕೈಕೆಲಸಕ್ಕೆ ಒಂದು ವಾರ ಕೂತಿದ್ದೇನೆ, ಕಣ್ಣು ಮಂಜಾಗುವವರೆಗೆ. ಸೂಜಿಯ ಗೌನಿಗೂ ಅಷ್ಟು ಮಾಡಿಲ್ಲ.

ಅಮ್ಮ


ಜುಲೈ ೨೮

ಅಮ್ಮ,

ಗೌನು ಚೆನ್ನಾಗಿದೆ. ಕುತ್ತಿಗೆಯ ಕೆಲಸ ನೋಡಿ ಪಕ್ಕದ ಕೋಣೆಯವಳು ಬಾಯಿಮೇಲೆ ಕೈ ಇಟ್ಟುಕೊಂಡಳು. ಅಂಥ ಕೈ ನಿನ್ನದು.

ಜಿಪ್ಪು ಏರಲಿಲ್ಲ. ನನ್ನದೇ ತಪ್ಪಿರಬೇಕು, ನಾನೇ ದಪ್ಪಗಾಗಿರಬೇಕು ಎಂದು ಟೇಪು ತಂದು ಮೈ ಅಳೆದೆ. ನಿನಗೆ ಬರೆದದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇದ್ದೆ. ಆಮೇಲೆ ಗೌನನ್ನು ಹಾಸಿಗೆಯ ಮೇಲೆ ಹರಡಿ ಅಳೆದೆ. ಸೊಂಟದಲ್ಲಿ ಒಂದು ಇಂಚು ಕಡಿಮೆ, ಎದೆಯಲ್ಲಿ ಒಂದು ಇಂಚು ಕಡಿಮೆ. ಬಿಚ್ಚಿಸಿ ಸಡಿಲ ಮಾಡಿಸೋಣ ಎಂದು ನಮ್ಮ ಬೀದಿಯ ದರ್ಜಿಯ ಹತ್ತಿರ ಒಯ್ದರೆ, ಒಳಮಗ್ಗುಲು ತಿರುಗಿಸಿ ನೋಡಿ, "ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲಮ್ಮ, ಏನಂತ ಬಿಚ್ಚಲಿ?" ಎಂದ.

ಗಿರಾಕಿಗಳ ಬಟ್ಟೆಗೆಲ್ಲ ನೀನು ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತೀಯ. ಯಾರ ಮೈ ಯಾವಾಗ ಹೇಗಾಗುತ್ತದೋ ಎಂದು ನೀನೇ ನನಗೆ ಹೇಳಿಕೊಟ್ಟಿದ್ದೆ. ನನ್ನದರಲ್ಲಿ ಮಾತ್ರ ಅದನ್ನೂ ಕತ್ತರಿಸಿ ಹಾಕಿದ್ದೀಯ. ಅಳತೆಗೇ ಹೊಲಿದೆ ಎಂದು ಬರೆದೂ ಇದ್ದೀಯ.

ಮದುವೆಗೆ ಇನ್ನು ಹತ್ತೇ ದಿನ ಚಿಲ್ಲರೆ. ಆ ಹತ್ತು ದಿನ ನೀರು ಕುಡಿದುಕೊಂಡು ಇದ್ದರೆ ಗೌನು ಹತ್ತುತ್ತದೆ, ನನಗೆ ಗೊತ್ತು. ಮೊದಲೂ ಮಾಡಿದ್ದೇನೆ. ಅದಾದ ಮೇಲೆ ಮತ್ತೆ ಮುಟ್ಟು ನಿಲ್ಲುತ್ತದೆ, ಮತ್ತೆ ಬೇಕರಿ, ಮತ್ತೆ ಅಳು. ಈ ಸಲ ಮಾಡುವುದಿಲ್ಲ. ದೊಡ್ಡ ಅಂಗಡಿಗೆ ಹೋಗಿ ಒಂದು ಸಿದ್ಧ ಗೌನು ಕೊಂಡಿದ್ದೇನೆ. ಕೆಂಪಿನದೇ. ಮೊದಲ ಸಲಕ್ಕೇ ಸರಿಹೋಯಿತು. ಅದನ್ನೇ ತೊಟ್ಟು ಬರುತ್ತೇನೆ, ಸೂಜಿಯ ಪಕ್ಕ ನಿಲ್ಲುತ್ತೇನೆ.

ನಿನ್ನ ದೊಡ್ಡ ಮಗಳು


ಆಗಸ್ಟ್ ೧

ಅಂಗಡಿಯಲ್ಲಿ ಕೊಂಡ ಬಟ್ಟೆ ತೊಟ್ಟು ದರ್ಜಿಯ ಮಗಳು ತಂಗಿಯ ಮದುವೆಗೆ ಬಂದಳಂತೆ ಎಂದು ಊರೆಲ್ಲ ಆಡಿಕೊಳ್ಳಲಿ ಎಂದು ನಿನ್ನ ಆಸೆಯೇ? ಇಪ್ಪತ್ತೆಂಟು ವರ್ಷ ಈ ಮಷಿನ್ ತುಳಿದು ನಿಮ್ಮನ್ನು ಸಾಕಿದ್ದೇನೆ. ಗಿರಾಕಿಗಳ ಮುಂದೆ, ಬೀಗರ ಮುಂದೆ ನನ್ನ ಮುಖಕ್ಕೆ ಮಸಿ ಬಳಿಯಬೇಡ.

ನಾನು ಹೊಲಿದದ್ದನ್ನು ತೊಟ್ಟು ಬರುವುದಾದರೆ ಬಾ. ಇಲ್ಲವಾದರೆ ಬರುವುದೇ ಬೇಡ.

ಅಮ್ಮ


ನವೆಂಬರ್ ೧೧

ಪ್ರೀತಿಯ ಮಗಳೇ,

ನೀನು ಮದುವೆಗೆ ಬರಲಿಲ್ಲ. ಕೇಳಿದವರಿಗೆಲ್ಲ ಜ್ವರ ಎಂದೆ. ಆಮೇಲೆ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಆದದ್ದು ಆಗಿಹೋಯಿತು, ತಾಯಿ ಮಕ್ಕಳಲ್ಲಿ ಹಟ ಎಷ್ಟು ದಿನ? ಈಗ ಒಂದು ಕಷ್ಟ ಬಂದಿದೆ, ನಿನ್ನನ್ನು ಬಿಟ್ಟು ಯಾರ ಮುಂದೆ ಹೇಳಲಿ?

ಸೂಜಿಗೆ ಮೈ ಸರಿಯಿಲ್ಲ. ಮದುವೆಗೆ ಮೊದಲಿನಿಂದಲೇ ಮುಟ್ಟು ನಿಂತಿತ್ತಂತೆ, ನಾಚಿಕೆಗೆ ಬಾಯಿ ಬಿಟ್ಟಿರಲಿಲ್ಲ. ಮದುವೆಯಾದ ಮೇಲೆ ಅವಳ ಅತ್ತೆ ಏನೋ ವಿಶೇಷವಿರಬೇಕೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ವಿಶೇಷವೂ ಇಲ್ಲ ಏನೂ ಇಲ್ಲ. ಸ್ಕ್ಯಾನ್ ಮಾಡಿ ಪಿಸಿಓಎಸ್ ಎಂದು ಬರೆದುಕೊಟ್ಟಿದ್ದಾರೆ. ಇಷ್ಟು ತೆಳ್ಳಗಿರುವ ಹುಡುಗಿಗೆ ಅದು ಹೇಗೆ ಬಂತು ಎಂದು ನಾನು ಡಾಕ್ಟರ ಜೊತೆ ಜಗಳಕ್ಕೇ ನಿಂತೆ. "ತೆಳ್ಳಗಿರೋರಿಗೂ ಬರತ್ತಮ್ಮ, ಇದು ಯಾರ ತಪ್ಪೂ ಅಲ್ಲ" ಎಂದರು. ಮೊಡವೆಯೂ ಅದರಿಂದಲೇ ಅಂತೆ. ಉಪವಾಸ ಮಾಡಿದ್ದರಿಂದ ಇನ್ನಷ್ಟು ಹದಗೆಟ್ಟಿದೆಯಂತೆ.

ಪಾಪ ಮಗು, ಏನು ತಪ್ಪು ಮಾಡಿತ್ತು ಹೇಳು. ಎರಡು ವಾರದಿಂದ ಇಲ್ಲೇ ಕರೆತಂದು ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಏನಾದರೂ ತಿನ್ನಿಸುತ್ತೇನೆ, ಬೇಡ ಎಂದರೂ ಬಿಡದೆ ನನ್ನ ಕೈಯಾರೆ ತುತ್ತು ಕೊಡುತ್ತೇನೆ. ಅವಳ ಅಂಗಿಗಳನ್ನೆಲ್ಲ ಬಿಚ್ಚಿ ಸಡಿಲ ಮಾಡಿದ್ದೇನೆ, ಹೊಟ್ಟೆಗೆ ಬಿಗಿಯಾಗಬಾರದು ನೋಡು. ರಾತ್ರಿ ಅವಳ ಪಕ್ಕದಲ್ಲೇ ಮಲಗುತ್ತೇನೆ.

ನಿನ್ನೆ ಇದನ್ನೆಲ್ಲ ಹೇಳಿಕೊಂಡು ಅಳುತ್ತಿದ್ದಾಗ ನಿನ್ನಪ್ಪ ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತದೆ, "ದೊಡ್ಡವಳಿಗೂ ಇದೇ ಅಲ್ವೇನೇ ಇದ್ದಿದ್ದು?" ಎಂದರು. ಎಂದೂ ಮಾತಾಡದವರು ಮಾತಾಡಿದರೆ ಹೀಗೇ, ಹೊತ್ತು ಗೊತ್ತು ಇರುವುದಿಲ್ಲ. ನಿನ್ನದು ಬೇರೆ, ಇವಳದು ಬೇರೆ. ನೀನು ಮೊದಲಿನಿಂದ ಗಟ್ಟಿಗಿತ್ತಿ. ಇವಳು ಸೂಕ್ಷ್ಮ.

ನೀನು ಅದೇನೋ ಊಟದ ಕ್ರಮ ಮಾಡುತ್ತಿದ್ದೆಯಲ್ಲ, ಕಾಳು, ಮೊಟ್ಟೆ ಅಂತ. ಅದರಿಂದ ನಿನಗೆ ಗುಣವಾಯಿತು ಎಂದು ಬರೆದ ನೆನಪು. ಪೂರ್ತಿ ವಿವರವಾಗಿ ಬರೆದು ಕಳಿಸು. ಸಾಧ್ಯವಾದರೆ ಒಂದು ತಿಂಗಳು ರಜೆ ಹಾಕಿ ಬಂದು, ಮಾಡುವುದನ್ನು ನನಗೆ ತೋರಿಸಿಕೊಡು. ತಂಗಿಗಾಗಿ ಅಷ್ಟು ಮಾಡಲಾರೆಯಾ?

ನಿನ್ನ
ಅಮ್ಮ


ನವೆಂಬರ್ ೨೫

ಅಮ್ಮ,

ಸೂಜಿಗೆ ಬೇಕಾದದ್ದನ್ನೆಲ್ಲ ಸೂಜಿಗೇ ಹೇಳಿದ್ದೇನೆ. ದಿನವೂ ಸಂಜೆ ಫೋನು ಮಾಡುತ್ತಾಳೆ. ನಾನು ತಿನ್ನುವುದನ್ನೇ ಅವಳೂ ತಿನ್ನಬೇಕಾಗಿಲ್ಲ. ಅವಳ ಮೈ ಬೇರೆ, ತೂಕ ಇಳಿಸುವ ಅಗತ್ಯ ಅವಳಿಗಿಲ್ಲ. ಅವಳೂ ಆಹಾರದ ಮೇಡಂ ಒಬ್ಬರನ್ನು ನೋಡಿ, ತನಗೆ ಆಗುವುದನ್ನು ತಾನೇ ಆರಿಸಿಕೊಳ್ಳಲಿ. ಅವಳ ಬಾಯಿಗೆ ನೀನು ತುತ್ತು ತುರುಕಬೇಡ. ತಟ್ಟೆಯಿಂದ ಎತ್ತುವುದೂ ಬೇಡ, ತುರುಕುವುದೂ ಬೇಡ. ಅವಳ ಹೊಟ್ಟೆಯನ್ನು ಅವಳಿಗೆ ಬಿಡು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಫೋನಿನಲ್ಲಿ, "ಅಕ್ಕ, ನನ್ನಿಂದ ನಿಂಗೆ ಯಾವಾಗ್ಲೂ ಬೈಗುಳ ಬೀಳ್ತಿತ್ತು ಅಲ್ವಾ?" ಎಂದು ಅತ್ತಳು. ನಾನೂ ಅತ್ತೆ. ಸೌತೆಕಾಯಿ ತಿಂದು ಮಲಗುತ್ತಿದ್ದಾಗ ಅವಳು ತಲೆ ಸುತ್ತಿ ಎರಡು ಸಲ ಬಿದ್ದಿದ್ದಳಂತೆ. ನಿನಗೆ ಹೇಳಲು ಹೆದರಿದಳಂತೆ. ಬಳ್ಳಿಯ ಹಾಗಿರಬೇಕಲ್ಲ.

ನಾನು ರಜೆ ಹಾಕಿ ಬರುವುದಿಲ್ಲ. ಕಾರಣ ಹೇಳುತ್ತೇನೆ, ಮುಚ್ಚುಮರೆಯಿಲ್ಲದೆ.

ನಿನ್ನ ಕಾಗದವನ್ನು ಪಾರ್ಸಲ್ ಆಫೀಸಿನ ಸ್ಟೂಲಿನ ಮೇಲೆ ಕೂತು ಮೂರು ಸಲ ಓದಿದೆ. "ಪಾಪ" ಎಂದು ಬರೆದಿದ್ದೀಯ. "ಯಾರ ತಪ್ಪೂ ಅಲ್ಲ" ಎಂದು ಡಾಕ್ಟರು ಹೇಳಿದ್ದನ್ನು ನಂಬಿದ್ದೀಯ. ಫೆಬ್ರವರಿಯಲ್ಲಿ ಇದೇ ಕಾಯಿಲೆಯ ಹೆಸರನ್ನು ನಾನು ಹೇಳಿದಾಗ ಅದು ಬಾಯಿಚಪಲವಾಗಿತ್ತು. ನನಗೆ ಮುಟ್ಟಾದರೆ ಅದು ಕಾಗದದಲ್ಲಿ ಬರೆಯಬಾರದ ಮಾತು, ಅವಳಿಗೆ ಆಗದಿದ್ದರೆ ಎರಡು ಪುಟ. ನನ್ನ ಗೌನಿನಲ್ಲಿ ಒಳ ಬಟ್ಟೆಯನ್ನೂ ಕತ್ತರಿಸಿದೆ, ಅವಳ ಅಂಗಿಗಳನ್ನು ಕೂತು ಬಿಚ್ಚಿದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಜನ ಹೇಳುವುದನ್ನು ಕೇಳಿದ್ದೆ. ಸುಣ್ಣ ಹಚ್ಚಿಸಿಕೊಂಡವಳನ್ನೇ ಕರೆದು ಬೆಣ್ಣೆ ಕಡೆದುಕೊಡು ಎಂದು ಕೇಳುವುದನ್ನು ಈಗ ನೋಡಿದೆ.

ಅಪ್ಪ ಹೊತ್ತು ಗೊತ್ತಿಲ್ಲದೆ ಮಾತಾಡಿದರು ಎಂದೆಯಲ್ಲ, ನಮ್ಮ ಮನೆಯಲ್ಲಿ ಇಷ್ಟು ವರ್ಷದಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ. ಅವರಿಗೆ ನನ್ನ ನಮಸ್ಕಾರ ತಿಳಿಸು.

ನಾನು ಗಟ್ಟಿಗಿತ್ತಿಯಲ್ಲ ಅಮ್ಮ. ನನಗೂ ಅಷ್ಟೇ ನೋಯುತ್ತಿತ್ತು. ದಪ್ಪಗಿರುವವರಿಗೆ ನೋವು ಒಳಗೆ ಇಳಿಯುವುದಿಲ್ಲ ಎಂದು ನೀನು ತಿಳಿದುಕೊಂಡಿದ್ದೆ, ಅಷ್ಟೇ.

ಸೂಜಿ ಬೇಕಾದರೆ ನನ್ನ ಹತ್ತಿರ ಬಂದಿರಲಿ. ನೀನು ಬಂದು ಮಾಡುವಂಥದ್ದು ಇಲ್ಲೇನೂ ಇಲ್ಲ.

ಅಷ್ಟು ಉದ್ದದ ಕಾಗದದಲ್ಲಿ ನೀನು ಒಂದು ಕಡೆಯೂ ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ. ಹುಡುಕಿ ಹುಡುಕಿ ನೋಡಿದೆ. ಇದಕ್ಕೆ ಉತ್ತರ ಬರೆಯುವುದಾದರೆ ಅದೊಂದನ್ನು ಕೇಳು. ಆಮೇಲೆ ಏನು ಬೇಕಾದರೂ ಮಾತಾಡೋಣ.

ನಿನ್ನ ದೊಡ್ಡ ಮಗಳು


ಜನವರಿ ೯

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ಅಷ್ಟೊಂದು ಬರೆಯಬಾರದಿತ್ತು. ಆದರೂ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ, ಮಕ್ಕಳು ಬೈದರೆ ತಾಯಿಗೆ ತಟ್ಟುತ್ತದೆಯೇ?

ಒಳ್ಳೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಸೂಜಿಗೆ ಮುಟ್ಟಾಯಿತು! ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ದಿನ ಅಂಗಡಿಗೆ ಬಂದವರಿಗೆಲ್ಲ ಸಿಹಿ ಹಂಚಿದೆ. ಏನು ವಿಶೇಷ ಎಂದು ಕೇಳಿದವರಿಗೆ ಹಳೇ ಮಷಿನ್ನು ಸರಿಹೋಯಿತು ಎಂದೆ. ನಿನ್ನಪ್ಪನಿಗೂ ನಾನೇ ಹೇಳಿದೆ. ಅವರೂ ಒಂದು ತುಂಡು ತಿಂದರು. ಎರಡನೆಯದನ್ನು ಕಾಗದದಲ್ಲಿ ಸುತ್ತಿ, "ದೊಡ್ಡವಳಿಗೆ ಕಳ್ಸು" ಎಂದರು. ಸಿಹಿ ನಿನಗೆ ಆಗುವುದಿಲ್ಲವಲ್ಲ, ಅದಕ್ಕೆ ಕಳಿಸಲಿಲ್ಲ.

ಅವಳು ನೀನು ಹೇಳಿದ ಹಾಗೆಯೇ ಮೇಡಂ ಒಬ್ಬರನ್ನು ನೋಡಿದಳು. ಈಗ ತಾನೇ ಬೇಯಿಸಿಕೊಂಡು ತಿನ್ನುತ್ತಾಳೆ, ನನ್ನನ್ನು ಅಡುಗೆಮನೆಯ ಹತ್ತಿರವೂ ಸೇರಿಸುವುದಿಲ್ಲ. ನಿನ್ನ ಗುಣವೇ ಬಂದಿದೆ ಅವಳಿಗೂ. ಅವಳ ಅತ್ತೆಯೂ ಸಮಾಧಾನವಾಗಿದ್ದಾರೆ. ಎಲ್ಲ ನಿನ್ನಿಂದ ಆದದ್ದು, ಅದನ್ನು ನಾನು ಇಲ್ಲವೆನ್ನುವುದಿಲ್ಲ.

ಕೇಳು ಎಂದು ಬರೆದಿದ್ದೆಯಲ್ಲ, ಮರೆತಿಲ್ಲ. ಎಷ್ಟೋ ದಿನದಿಂದ ಕೇಳಬೇಕೆಂದೇ ಕೂತಿದ್ದೆ, ಕೈ ಏಳಲಿಲ್ಲ. ಈಗ ಕೇಳುತ್ತಿದ್ದೇನೆ ಮಗಳೇ, ಮನಸ್ಸಿಟ್ಟು ಕೇಳುತ್ತಿದ್ದೇನೆ. ಹೇಗಿದ್ದೀಯ? ಸ್ವಲ್ಪವಾದರೂ ಇಳಿದಿದ್ದೀಯ ತಾನೇ?

ನಿನ್ನ
ಅಮ್ಮ